ಕುಡಿ ಅಂದರೆ ಬಲಕ್ಕೆ

ಗೌನಿಪಲ್ಲಿ
೧೧ ಜೂನ್ ೨೦೨೪

ಪ್ರೀತಿಯ ಚಂದ್ರಕಲಾ,

ನೀನು, ಮೂರ್ತಿಯವರು, ಪುಟ್ಟಿ ಮೂವರೂ ಮುಳಬಾಗಿಲಿನಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ, ಪುಟ್ಟಿಯ ನಾಮಕರಣಕ್ಕೂ ಬರಲಿಲ್ಲ. ಕುರುಡುಮಲೆ ದೇವಸ್ಥಾನದಲ್ಲಿ ಹೆಸರಿಡುತ್ತೀರೆಂದು ಕೇಳಿ ಇವಳು ಮುಖ ತಿರುಗಿಸಿದಳು ಎಂದು ನೀನು ತಿಳಿದಿರಬಹುದು. ಅಷ್ಟು ಸಣ್ಣವಳಲ್ಲ ಕಣೇ ನಾನು. ದೇವಸ್ಥಾನದ ಜೊತೆಗಿರುವ ನನ್ನ ಜಗಳ ಮಗುವಿನ ತನಕ ಬರುವುದಿಲ್ಲ. ತಪ್ಪಾಯಿತು, ಕ್ಷಮಿಸು.

ನಿಜವಾದ ಕಾರಣ ಬೇರೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕಿ ನಗಿಸಿಬಿಡುತ್ತೀಯ. ಈ ವಿಷಯದಲ್ಲಿ ನನಗೆ ನಗುವುದು ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ಮಾಲೂರಿನ ಮನೆ ಬಿಟ್ಟು ಹೋದ ವಾರ ಇಲ್ಲಿಗೆ, ಅಮ್ಮನ ಮನೆಗೆ ಬಂದಿದ್ದೇನೆ. ಉಮಾಶಂಕರನ ಹತ್ತಿರ ವಾಪಸ್ ಹೋಗಬೇಕೋ ಬೇಡವೋ ಎಂದು ತೀರ್ಮಾನ ಮಾಡಬೇಕು. ಅವನು ಹೊಡೆಯಲಿಲ್ಲ, ಬೈಯಲಿಲ್ಲ, ಕುಡಿಯಲಿಲ್ಲ. ಕುಡಿದದ್ದು ಉಂಟು, ಅದು ಬೇರೆ ತರಹದ್ದು, ಮುಂದೆ ಹೇಳುತ್ತೇನೆ. ಜಗಳಕ್ಕೆ ಕಾರಣ ಒಂದು ವಿಡಿಯೋ ಗೇಮ್. ನಗಬೇಡ ಅಂದೆನಲ್ಲ!

ನನ್ನ ಓದು ನಿನಗೆ ಗೊತ್ತೇ ಇದೆ. ಪ್ರೆಸ್ಸಿನಲ್ಲಿ ನಾನು ಟೈಪ್ ಮಾಡುವ ಕರಪತ್ರಗಳೇ ನನ್ನ ಕಾಲೇಜು. ಕಾರ್ಮಿಕ ಸಂಘದವರದು, ಮಹಿಳಾ ಸಂಘಟನೆಯವರದು, ವಿಚಾರವಾದಿಗಳದು. ಅಚ್ಚಿನ ತಪ್ಪು ಹುಡುಕಲೆಂದು ಓದಿ, ಓದಿದ್ದನ್ನು ನಂಬಿಬಿಟ್ಟವಳು ನಾನು. ‘ಸಮಾನತೆ’ ಎಂಬ ಪದವನ್ನು ನನ್ನಷ್ಟು ಸಲ ಕೀಲಿಮಣೆಯ ಮೇಲೆ ಒತ್ತಿದವರು ಈ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಾರರು. ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ಅವನ ಫ್ಯಾಕ್ಟರಿಯ ಶಿಫ್ಟ್ ನೋಡಿಕೊಂಡು ಅಡುಗೆ ಒಂದು ದಿನ ಅವನದು, ಒಂದು ದಿನ ನನ್ನದು. ಪಾತ್ರೆ, ಬಟ್ಟೆ, ನೀರು ಹಿಡಿಯುವುದು ಎಲ್ಲಕ್ಕೂ ಸರದಿ.

ಸಂಜೆ ಮಾತ್ರ ಅವನು ನನ್ನವನಲ್ಲ. ಟೀವಿಗೆ ಗೇಮ್ ಪೆಟ್ಟಿಗೆ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಫ್ಯಾಕ್ಟರಿಯ ಗೆಳೆಯ ಕದಿರೇಶನ ಜೊತೆ ಯುದ್ಧಕ್ಕೆ ಹೋಗಿಬಿಡುತ್ತಿದ್ದ. “ಏನ್ಲಾ ಕದಿರೇಶ, ಕಣ್ಣು ಎಲ್ಲಿಟ್ಟಿದ್ದೀಯ! ಬೇಡ್ವೋ, ಆ ಕಡೆ ಬೇಡ, ನನ್ ಮಾತ್ ಕೇಳು! ಥೂ, ನಿನ್ ಜೊತೆ ಆಡಕ್ ಬಂದ್ನಲ್ಲ!” ಎಂದು ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದ. ನನ್ನ ಜೊತೆ ಒಂದು ದಿನವೂ ಹಾಗೆ ಕೂಗಾಡಿದವನಲ್ಲ. ನನಗೆ ಹೊಟ್ಟೆಕಿಚ್ಚಾಯಿತು. “ನನಗೂ ಕಲಿಸು. ಎದುರುಬದುರು ಬೇಡ, ಇಬ್ಬರೂ ಒಂದೇ ಪಕ್ಷದಲ್ಲಿ ಆಡೋಣ” ಎಂದೆ. ಅವನ ಮುಖ ಅರಳಿತು.

ಕೋಲಾರದ ಬಸ್ ಸ್ಟ್ಯಾಂಡಿನ ಹಿಂದೆ ಚಂದ್ರಮೋಹನ್ ಎಂಬವನ ಗೇಮಿನ ಅಂಗಡಿಯಿದೆ. ಅಲ್ಲೇ ಕೂತು ಆಡಬಹುದು, ಡಿಸ್ಕನ್ನು ಬಾಡಿಗೆಗೂ ತರಬಹುದು. ಒಂದು ಭಾನುವಾರ ಇಬ್ಬರೂ ಹೋದೆವು.

“ಇಬ್ರೂ ಸೇರಿ ಆಡೋ ಅಂಥದ್ದು ಬೇಕು” ಎಂದು ಕೇಳಿದವಳು ನಾನು. ಅವನು ಉತ್ತರ ಕೊಟ್ಟದ್ದು ಉಮಾಶಂಕರನಿಗೆ. “ಇದೆ ಸಾರ್, ಕಪಲ್ಸ್‌ದು. ತುಂಬಾ ಈಸಿ. ಲೇಡೀಸ್‌ಗೂ ಆಡಕ್ಕಾಗುತ್ತೆ.”

ಆ ‘ಗೂ’ ನೋಡು ಚಂದ್ರಕಲಾ. ಒಂದಕ್ಷರ. ಪುಟಗಟ್ಟಲೆ ಕರಪತ್ರ ಅಚ್ಚು ಹಾಕಿದರೂ ಅಳಿಸಲಾಗದ ಅಕ್ಷರ.

“ಜೆಂಟ್ಸ್‌ಗೂ ಆಡಕ್ಕಾಗುತ್ತಾ?” ಎಂದು ಕೇಳಿದೆ.

“ಮೇಡಂ ಜೋರವ್ರೆ ಸಾರ್!” ಎಂದು ಹಲ್ಲು ಕಿರಿದ. ಉಮಾಶಂಕರ ಇಬ್ಬರಿಗೂ ಸಮನಾಗಿ ನಕ್ಕ.

ಅಲ್ಲಿಂದ ಶುರುವಾಯಿತು ನನ್ನ ಹೇಸಿಗೆ. ಫೋನಿನಲ್ಲಿ ಹುಡುಕಿದರೆ ಸಾಲುಸಾಲು ವಿಡಿಯೋ. ಗೇಮ್ ಬಾರದ ಹೆಂಡತಿಯನ್ನು ಆಟಕ್ಕೆ ಎಳೆಯುವುದು ಹೇಗೆ, ಅವಳಿಗೆ ಬೇಸರವಾಗದ ಹಾಗೆ ಆಡಿಸುವುದು ಹೇಗೆ. ಕರುವಿಗೆ ಮೂಗುದಾರ ಹಾಕುವುದನ್ನು ಹೇಳಿಕೊಡುವ ಧಾಟಿ. ಎಲ್ಲದರಲ್ಲೂ ಗೊತ್ತಿರುವವನು ಗಂಡ, ಗೊತ್ತಿಲ್ಲದವಳು ಹೆಂಡತಿ.

ಮೊದಲು ತಂದದ್ದು ಅಡುಗೆಮನೆಯ ಆಟ. ಇಬ್ಬರೂ ಸೇರಿ ಹೋಟೆಲು ನಡೆಸಬೇಕು. ಅವನು ಈರುಳ್ಳಿ ಹೆಚ್ಚಿ, ಒಲೆ ನೋಡಿ, ಬಡಿಸಿ, ಹತ್ತಿಕೊಂಡ ಬೆಂಕಿಯನ್ನು ಆರಿಸುವಷ್ಟರಲ್ಲಿ ನಾನಿನ್ನೂ ಗೋಡೆಗೆ ಮುಖ ಕೊಟ್ಟು ಒದ್ದಾಡುತ್ತಿದ್ದೆ. “ನೀನು ತಟ್ಟೆ ತೊಳಿ ಶಿರೀ, ಅದಕ್ಕೆ ಒಂದೇ ಬಟನ್ನು” ಎಂದ. ಎಷ್ಟೋ ಜನ ಸೇರಿ, ಎಷ್ಟೋ ತಲೆ ಓಡಿಸಿ, ಟೀವಿಯೊಳಗೆ ಒಂದು ಹೊಸ ಲೋಕ ಕಟ್ಟಿದ್ದಾರೆ, ಅಲ್ಲಿಯೂ ನನ್ನ ಜಾಗ ಬಚ್ಚಲ ಮೂಲೆ! ಆ ದಿನ ನಮ್ಮ ಮನೆಯ ಪಾತ್ರೆಯ ಸರದಿ ಅವನದು, ಟೀವಿಯೊಳಗಿನದು ನನ್ನದು.

ಎರಡನೆಯದು ಗುಂಡು ಹಾರಿಸುವ ಆಟ. ನಾನು ಬೀಳುವುದು, ಅವನು ಓಡಿಬಂದು ಎಬ್ಬಿಸುವುದು, ಮತ್ತೆ ನಾನು ಬೀಳುವುದು. ಮೂರನೆಯದು ಇನ್ನೂ ಅಸಹ್ಯ. ಅದರಲ್ಲಿ ಅವನು ಕತ್ತಿ ಹಿಡಿದ ವೀರ, ನಾನು ಅವನ ತಲೆಯ ಸುತ್ತ ಹಾರುವ ಮಿಣುಕುಹುಳ. ಹುಳಕ್ಕೆ ಪೆಟ್ಟಿಲ್ಲ, ಸೋಲಿಲ್ಲ, ಸಾವಿಲ್ಲ. “ನೋಡು, ನೀನು ಸಾಯೋದೇ ಇಲ್ಲ!” ಎಂದು ಅವನು ದೊಡ್ಡ ಉಡುಗೊರೆ ಕೊಟ್ಟವನಂತೆ ಹೇಳಿದ. ನಾನು ಕಂಟ್ರೋಲರನ್ನು ದಿಂಬಿನ ಮೇಲಿಟ್ಟು ಎದ್ದುಹೋದೆ. ಬಾಗಿಲಲ್ಲಿ ನಿಂತು ತಿರುಗಿ ನೋಡಿದರೆ ಹುಳ ತಾನಾಗಿಯೇ ಅವನ ಹಿಂದೆ ಹಾರಿಕೊಂಡು ಹೋಗುತ್ತಿತ್ತು. ನಾನಿಲ್ಲವೆಂಬುದು ಆಟಕ್ಕೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ.

ಇನ್ನು ಬೇಡವೆಂದು ಬಿಟ್ಟಿದ್ದೆ. ಆಗ ಅವನೇ ಒಂದನ್ನು ತಂದ. “ಇದು ನನಗೂ ಹೊಸದು ಶಿರೀ. ಇಬ್ಬರೂ ಒಟ್ಟಿಗೇ ಕಲಿಯೋಣ” ಎಂದ.

ಒಂದು ಹಳೆಯ ಬಂಗಲೆ. ಬೇರೆ ಬೇರೆ ಕೋಣೆಗಳಲ್ಲಿ ಸಿಕ್ಕಿಬಿದ್ದ ಇಬ್ಬರು. ಬೀಗಗಳು ಅವನ ಕೋಣೆಯಲ್ಲಿ, ಅವುಗಳ ಗುಟ್ಟು ನನ್ನ ಕೋಣೆಯ ಗೋಡೆಯ ಮೇಲೆ. ನೋಡಿ ನೋಡಿ ಬಾಯಲ್ಲಿ ಹೇಳಬೇಕು. ಬೆರಳಿನ ಚುರುಕು ಬೇಕಿಲ್ಲ. ಟೀವಿಯ ಅರ್ಧ ಅವನಿಗೆ, ಅರ್ಧ ನನಗೆ. ಒಬ್ಬರದು ಇನ್ನೊಬ್ಬರು ಕದ್ದು ನೋಡಬಾರದೆಂದು ಫ್ಯಾಕ್ಟರಿಯಿಂದ ತಂದ ದಪ್ಪ ರಟ್ಟನ್ನು ಟೀವಿಯ ನಟ್ಟನಡುವೆ ನಿಲ್ಲಿಸಿ, ಆ ಕಡೆ ಅವನು, ಈ ಕಡೆ ನಾನು ಕೂತೆವು. ಅಚ್ಚಿನ ತಪ್ಪು ಹುಡುಕಿ ಪಳಗಿದ ಕಣ್ಣು ನನ್ನದು. ಗೋಡೆಯ ಬಳ್ಳಿಯಲ್ಲಿ ಒಂದೆಲೆ ತಲೆಕೆಳಗಾಗಿದ್ದರೂ ಹಿಡಿಯುತ್ತಿದ್ದೆ. “ನೀನಿಲ್ದಿದ್ರೆ ನಾನು ಇಲ್ಲೇ ಕೊಳೀತಿದ್ದೆ” ಎಂದು ರಟ್ಟಿನ ಆಚೆಯಿಂದ ಅವನ ದನಿ ಬರುತ್ತಿತ್ತು. ಎಷ್ಟು ಹಿಗ್ಗಿದ್ದೆ ಗೊತ್ತೇನೇ!

ಒಂದು ಕಡೆ ಅವನ ಕೋಣೆಗೆ ನೀರು ನುಗ್ಗುತ್ತದೆ. ಮುಂದೆ ಎರಡು ಬಾಗಿಲು, ನಡುವೆ ಮೇಜಿನ ಮೇಲೆ ಒಂದು ಹಸಿರು ಸೀಸೆ. ಯಾವ ಬಾಗಿಲೆಂದು ನಾನು ಹೇಳಬೇಕು. ಅವಸರದಲ್ಲಿ ನನ್ನ ಬಾಯಿಗೆ ಬರುವುದು ನಮ್ಮ ಗೌನಿಪಲ್ಲಿಯ ತೆಲುಗು. “ಕುಡಿ! ಕುಡಿ!” ಎಂದು ಕಿರುಚಿದೆ. ತೆಲುಗಿನಲ್ಲಿ ಕುಡಿ ಅಂದರೆ ಬಲಗಡೆ. ಉಮಾಶಂಕರನಿಗೆ ತೆಲುಗು ಅಷ್ಟಕ್ಕಷ್ಟೆ. ಸೀಸೆ ಎತ್ತಿ ಗಟಗಟ ಕುಡಿದ. ವಿಷ!

“ಅಯ್ಯೋ, ಬಲಕ್ಕೆ ಕಣೋ! ಬಲಕ್ಕೆ!”

“ಗಂಡನಿಗೆ ವಿಷ ಕುಡಿ ಅಂತ ಹೇಳಿಬಿಟ್ಟು ಈಗ ಬಲಕ್ಕೆ ಅಂತೀಯಾ?”

ನಕ್ಕು ನಕ್ಕು ರಟ್ಟು ನಮ್ಮ ಮೇಲೆ ಬಿತ್ತು. ಆಮೇಲೆ ಅದು ನಮ್ಮಿಬ್ಬರ ಮಾತಾಯಿತು. ಆ ಬಂಗಲೆಯಲ್ಲಿ ಸೀಸೆಗಳು ಬಹಳ. ನಾನು ಮರೆತು ಕುಡಿ ಅಂದಾಗಲೆಲ್ಲ ಅವನು ಕುಡಿದು ಸಾಯುವನು. ಒಂದು ತಿಂಗಳಿಗೂ ಹೆಚ್ಚು ಆಡಿದೆವು. ಮದುವೆಯಾದ ಮೇಲೆ ನನ್ನ ಅತಿ ಒಳ್ಳೆಯ ತಿಂಗಳು ಅದು. ಕೊನೆಯ ಬಾಗಿಲು ತೆರೆದಾಗ ನಾನು ಅತ್ತುಬಿಟ್ಟೆ.

ಡಿಸ್ಕ್ ಹಿಂದಿರುಗಿಸಲು ಕೋಲಾರಕ್ಕೆ ಹೋದೆವು. ಚಂದ್ರಮೋಹನ್ ಅದನ್ನು ಬೆಳಕಿಗೆ ಹಿಡಿದು ಗೀರು ನೋಡುತ್ತ, “ಏನ್ ಸಾರ್, ಇಷ್ಟು ದಿನ ಇಟ್ಕೊಂಡ್ರಿ? ಹೋದ ವರ್ಷ ನೀವೂ ಕದಿರೇಶನೂ ಇಲ್ಲೇ ಕೂತು ಒಂದೇ ಭಾನುವಾರ ಮುಗಿಸಿದ್ರಲ್ಲ, ಅದೇ ಗೇಮ್ ಅಲ್ವಾ ಇದು?” ಎಂದ. ಉಮಾಶಂಕರ ಕಣ್ಸನ್ನೆ ಮಾಡಿದ್ದನ್ನೂ ನಾನು ನೋಡಿದೆ.

ಮಾಲೂರಿನ ಬಸ್ಸಿನಲ್ಲಿ ಕೇಳಿದೆ. “ಏನೂ ಹೊಳೀತಿಲ್ಲ, ನೀನೇ ಹೇಳು ಅಂತಿದ್ಯಲ್ಲ, ಆಗೆಲ್ಲ ನಿನಗೆ ಗೊತ್ತಿತ್ತಾ?”

“ನೀನು ಹೇಳ್ತೀಯ ಅಂತ ಕಾಯ್ತಿದ್ದೆ.”

“ವಿಷ?”

ಅವನು ಕಿಟಕಿಯ ಆಚೆ ನೋಡಿದ. “ಮೊದಲ್ನೇ ಸಲ ನಿಜವಾಗ್ಲೂ ತಪ್ಪು ಕೇಳಿಸ್ತು ಕಣೇ. ಆಮೇಲಿಂದು ನೀನು ನಗ್ತೀಯಲ್ಲ ಅಂತ.”

“ಒಂದು ಸಲ ಆಡಿ ಮುಗಿಸಿದವನಿಗೆ ಸೀಸೇಲಿ ವಿಷ ಇದೆ ಅಂತ ಗೊತ್ತಿರಲಿಲ್ಲವಾ?”

ಮೊದಲ ಸಲದ್ದೂ ಬೇಕೆಂದೇ ಕುಡಿದದ್ದು. ನೋಡಿದೆಯಾ? ಆ ಬಸ್ಸಿನ ಸೀಟಿನಲ್ಲಿ ಕೂತುಕೊಂಡೂ ಮತ್ತೊಂದು ಸಲ ನನ್ನನ್ನು ಗೆಲ್ಲಿಸಲು ನೋಡಿದ. “ನೀನು ಖುಷಿಯಾಗಿದ್ದೆ ಶಿರೀ. ಅದು ಸುಳ್ಳಲ್ಲವಲ್ಲ” ಎಂದ. ಹೌದು, ಸುಳ್ಳಲ್ಲ. ಅದಕ್ಕೇ ನಾನು ಮನೆ ಬಿಟ್ಟು ಬಂದದ್ದು. ನನ್ನ ಖುಷಿಯನ್ನು ಅವನು ಪಕ್ಕದಲ್ಲಿ ಕೂತು, ಸ್ವಿಚ್ಚು ಒತ್ತಿ ದೀಪ ಹಾಕುವ ಹಾಗೆ ಹಾಕುತ್ತಿದ್ದನಲ್ಲ! ಹೊಡೆಯುವ ಗಂಡನ ಬಗ್ಗೆ ಕರಪತ್ರವಿದೆ, ಕುಡಿಯುವವನ ಬಗ್ಗೆ ಇದೆ, ವರದಕ್ಷಿಣೆ ಕೇಳುವವನ ಬಗ್ಗೆ ಇದೆ, ಎಲ್ಲವನ್ನೂ ನಾನೇ ಟೈಪ್ ಮಾಡಿದ್ದೇನೆ. ಬೇಕೆಂದೇ ಸೋಲುವ ಗಂಡನ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ.

ಇಲ್ಲಿ ಬಂದು ಅಜ್ಜಿಗೆ ಹೇಳಿದೆ. ಅಂಗಳದಲ್ಲಿ ಕೂತು ಮಾವಿನಕಾಯಿಯಲ್ಲಿ ಪೆಟ್ಟು ಬಿದ್ದದ್ದನ್ನು ಬೇರೆ ಮಾಡುತ್ತಿದ್ದ ಬಚ್ಚಮ್ಮಜ್ಜಿ ತಲೆಯೆತ್ತದೆ, “ನಿನ್ನ ಅರಟಿಪಂಡು ಮಾಡವ್ನೆ, ಅಂತೇ ಕದಾ, ಅಷ್ಟೇ ಅಲ್ವಾ? ಇದಕ್ಕೆ ಬಸ್ ಹತ್ಕೊಂಡು ಬಂದ್ಯಾ?” ಎಂದಳು. ನಿನ್ನ ಕಡೆಯವರಿಗೂ ಗೊತ್ತಿರಬೇಕು ಈ ಮಾತು. ಬಾಳೆಹಣ್ಣು. ಬೀದಿಯ ಆಟದಲ್ಲಿ ಅಳುವ ಚಿಕ್ಕ ಮಗುವನ್ನು ಸುಮ್ಮನೆ ಸೇರಿಸಿಕೊಂಡು, ಮುಟ್ಟಿದರೂ ಔಟ್ ಮಾಡದೆ, ಎಣಿಕೆಗೆ ಹಿಡಿಯದೆ ಬಿಡುತ್ತಾರಲ್ಲ, ಆ ಮಗುವಿನ ಹೆಸರು. ನನ್ನ ಕಿವಿ ಕಾದುಹೋಯಿತು.

“ತಾತ ನಿನ್ನ ಹಾಗೆ ಮಾಡಿದ್ದನಾ?” ಎಂದೆ.

“ಅವನಾ! ಚೌಕಾಬಾರದಲ್ಲಿ ನನ್ ಕಾಯಿ ಕಡೀದಿದ್ರೆ ಅವನಿಗೆ ಅನ್ನ ಇಳೀತಿರ್ಲಿಲ್ಲ. ಒಂದ್ ಸಲ ನಾನು ಗೆದ್ದೆ ನೋಡು, ಕವಡೇನೆಲ್ಲ ಬಾವಿಗೆ ಎಸೆದುಬಿಟ್ಟ ಮುಂಡೇಗಂಡ” ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ತಾತ ಒಳ್ಳೆಯ ಗಂಡನಲ್ಲ, ನನಗೆ ಗೊತ್ತು. ಅಂಥವನು ನನಗೆ ಬೇಡ. ಆದರೆ ಆ ಗೆಲುವು ಅವಳದು. ಇಷ್ಟು ಕಾಲವಾದರೂ ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸುತ್ತಾಳೆ.

ಉಮಾಶಂಕರ ಇವತ್ತು ಸಂಜೆ ಫೋನ್ ಮಾಡುತ್ತಾನೆ. ನಾನು ಕೇಳುವುದು ಒಂದೇ. ಯಾವ ವಿಷಯಕ್ಕಾದರೂ ಸರಿ, ನನ್ನ ಮಾತಿಗೆ ಒಂದು ಸಲ ಮನಸ್ಸಿನಿಂದ ‘ಇಲ್ಲ’ ಎನ್ನಬೇಕು. ಜಗಳವಾಡಲಿ, ನನ್ನ ಕರಪತ್ರಗಳು ಕಸ ಎನ್ನಲಿ. ಅಷ್ಟು ಅಂದುಬಿಟ್ಟರೆ ನಾಳೆಯೇ ಮಾಲೂರಿನ ದಾರಿ ಹಿಡಿಯುತ್ತೇನೆ.

ಮೂರ್ತಿಯವರಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿಯ ಕೆನ್ನೆಗೆ ನನ್ನ ಮುತ್ತು. ಅವಳು ಬೀಳಲಿ, ಸೋಲಲಿ, ಸೋತು ಅಳಲಿ, ಆಮೇಲೆ ಯಾರೂ ಬಿಟ್ಟುಕೊಡದೆ ಗೆಲ್ಲಲಿ. ಇದೇ ನನ್ನ ಹರಕೆ.

ನಿನ್ನ,
ಶಿರೀಷಾ

ಮರೆತ ಮಾತು: ಅಂಟು ಹಚ್ಚುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನನ್ನನ್ನು ತಿನ್ನುತ್ತಿರುವುದು ಆಟವಲ್ಲ. ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ನಮ್ಮ ಮದುವೆಯ ಪ್ರತಿಜ್ಞೆಗಳನ್ನು ನಾನು ಒಂದೊಂದಾಗಿ ಓದಿದೆನಲ್ಲ. ತಾಳಿ ಬೇಡ, ಹೆಸರು ಬದಲಾಯಿಸುವುದಿಲ್ಲ, ಮಕ್ಕಳು ಯಾವಾಗ ಎಂಬುದು ನನ್ನ ಮಾತು. ಒಂದೊಂದಕ್ಕೂ ಅವನು “ಆಯ್ತು” ಎಂದ. ಆಗ ನೀನು ನನ್ನ ಕಿವಿಯಲ್ಲಿ, “ಏನೇ ಇದು, ಒಂದಕ್ಕೂ ಎದುರು ಮಾತಾಡಲಿಲ್ಲ ಇವನು?” ಎಂದೆ. ನಾನು ಹೆಮ್ಮೆಯಿಂದ ತಲೆ ಎತ್ತಿದ್ದೆ. ಚಂದ್ರಕಲಾ, ಅವನು ಆ ದಿನ ಒಪ್ಪಿದನೋ, ಬಿಟ್ಟುಕೊಟ್ಟನೋ?

ಈಗ ತಾನೆ ಫೋನ್ ಬಂದಿತ್ತು. ಒಂದು ಸಲ ಇಲ್ಲ ಅನ್ನು ಎಂದೆ. ಮೆತ್ತಗೆ ಹೇಳಿದ: “ಆಯ್ತು ಶಿರೀ. ನೀನು ಹೇಳಿದ ಹಾಗೇ ಆಗ್ಲಿ.”