ತಾಗದ ಏಟಿಗೆ ‘ತಾಗಿತು’ ಅಂದವನಿಗೆ

ಮದ್ದೂರು
9 ಡಿಸೆಂಬರ್ 2024, ಸೋಮವಾರ

ಪ್ರೀತಿಯ ಯತೀಶ,

‘ಪ್ರೀತಿಯ’ ಅನ್ನುವುದನ್ನು ಒಂದು ಸಲ ಹೊಡೆದುಹಾಕಿದೆ. ಹಾಳೆ ಗಲೀಜಾಯಿತು ಅಂತ ಹೊಸದು ತಗೊಂಡು ಮತ್ತೆ ಅದನ್ನೇ ಬರೆದಿದ್ದೇನೆ. ಜಾಸ್ತಿ ಹಿಗ್ಗಬೇಡ. ಫೋನಿನಲ್ಲಿ ಆದರೆ ನಾನು ಕೂಗಾಡುತ್ತೇನೆ, ನೀನು ಹೂಂ ಹೂಂ ಅಂತೀಯ, ಅಲ್ಲಿಗೆ ಮುಗೀತು ನಮ್ಮ ಮಾತು. ಅದಕ್ಕೇ ಕಾಗದ. ಮಳವಳ್ಳಿಯಲ್ಲಿ ನಿಮ್ಮಕ್ಕ ಕುಸುಮ ಇದನ್ನು ನಿನಗಿಂತ ಮೊದಲೇ ಒಡೆದು ಓದುತ್ತಾರೆ ಅಂತ ಗೊತ್ತು. ಓದಲಿ. ಅಕ್ಕಾ, ನಿಮಗೂ ನಮಸ್ಕಾರ.

ಮೊದಲು ಕೆಲಸದ ವಿಷಯ. ಯುರೋಪಿನ ಉದ್ದಕತ್ತಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೆನಲ್ಲ, ಆ ಪುಸ್ತಕ ಒಂದು ಅಧ್ಯಾಯದ ಹತ್ತಿರ ಬಂದು ನಿಂತುಬಿಟ್ಟಿದೆ. ಯಾವುದು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಸಿಟ್ಟಿನ ಏಟು’. ನಿನ್ನ ಎದುರು ನಿಂತು ಸರಿಯಾಗಿ ಒಂದು ಸಲ ಮಾಡಿ ನೋಡದೆ ಅದನ್ನು ಅಚ್ಚಿಗೆ ಕೊಡಲಾರೆ. ನೀನು ಬರಬೇಕು. ಬರುವುದು ಪುಸ್ತಕಕ್ಕೆ, ನನಗಲ್ಲ. ಇದನ್ನು ಈಗಲೇ ಬರೆದುಬಿಡುತ್ತೇನೆ, ಆಮೇಲೆ ತಕರಾರು ಬೇಡ.

ನಮ್ಮ ಗೋಡೌನ್ ಹಾಗೇ ಇದೆ. ಬೆಲ್ಲ ತುಂಬುತ್ತಿದ್ದ ಕಾಲದ ವಾಸನೆ ಇನ್ನೂ ಗೋಡೆಯಿಂದ ಹೋಗಿಲ್ಲ, ಈಗಲೂ ಕತ್ತಿಯ ಹಿಡಿಗೆ ಇರುವೆ ಹತ್ತುತ್ತವೆ. ಸುತ್ತ ಕಬ್ಬು ಹೂ ಬಿಟ್ಟಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಶಿಂಷೆಯ ಕಡೆಯಿಂದ ಮಂಜು ಒಳಗೇ ಬಂದು ಕೂರುತ್ತದೆ. ಅದರೊಳಗೆ ಮಂಡ್ಯದ ಕಾಲೇಜು ಹುಡುಗಿಯರು, ದುದ್ದದ ಹುಡುಗರು ಮುಖಕ್ಕೆ ಜಾಲರಿ ಮಾಸ್ಕು ಹಾಕಿಕೊಂಡು ನಿಲ್ಲುತ್ತಾರೆ. ಯಾರು ಯಾರು ಅಂತ ಗೊತ್ತಾಗುವುದಿಲ್ಲ. ನಾನು ‘ಸೂರು’ ಅಂದರೆ ಕತ್ತಿಗಳೆಲ್ಲ ಹೆಗಲ ಮೇಲಕ್ಕೆ ಹೋಗುತ್ತವೆ, ‘ನೇಗಿಲು’ ಅಂದರೆ ಸೊಂಟದ ಹತ್ತಿರಕ್ಕೆ ಇಳಿಯುತ್ತವೆ. ಆರುನೂರು ವರ್ಷದ ಹಿಂದೆ ಜರ್ಮನಿಯ ಕತ್ತಿ ಗುರುಗಳು ಈ ನಿಲುವುಗಳಿಗೆ ಇಟ್ಟ ಹೆಸರು, ಇಲ್ಲಿ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಒಂದೊಂದು ದಿನ ಆ ಸಾಲಿನಲ್ಲಿ ನೀನೂ ನಿಂತಿದ್ದೀಯ ಅನ್ನಿಸುತ್ತದೆ. ಮಂಜು ಕರಗುವ ತನಕ ನಾನು ತಲೆ ಎಣಿಸುವುದಿಲ್ಲ.

ಗೋಡೌನಿನ ಮಾಲೀಕರು ಚಿಕ್ಕಬೋರಯ್ಯ ವಾರಕ್ಕೊಂದು ಸಲ ಬಂದು ಬಾಗಿಲಲ್ಲಿ ನಿಂತು, ಎಲ್ಲವ್ರಮ್ಮಾ ನಿಮ್ಮೆಜಮಾನ್ರು, ಕತ್ತಿ ಬುಟ್ಟು ಸಸಿ ನೆಡಕ್ಕೋದ್ರಂತೆ ಅಂತಾರೆ. ಅಕ್ಕನ ನರ್ಸರಿಯಲ್ಲಿ ಕೆಲಸ ಜಾಸ್ತಿ ಅಂತ ಹೇಳಿದ್ದೇನೆ. ವರ್ಷ ತುಂಬುತ್ತಾ ಬಂತು, ಅಷ್ಟು ದಿನ ಅದೇನು ಸಸಿಯೋ ಅಂತ ಅವರು ಕೇಳಲಿಲ್ಲ, ದೊಡ್ಡ ಮನುಷ್ಯ.

ನಿನ್ನ ಮೇಲಿನ ಸಿಟ್ಟು ಆರಿದೆಯಾ ಅಂತ ಕೇಳಬೇಡ. ಆರಿಲ್ಲ. ನಮ್ಮ ಅಂಕಣದಲ್ಲಿ ತೀರ್ಪುಗಾರರು ಬೇಡ ಅಂದವನು ನೀನು. ಯಾರಿಗೆ ಏಟು ಬಿತ್ತೋ ಅವರೇ ಕತ್ತಿ ಇಳಿಸಿ ‘ತಾಗಿತು’ ಅನ್ನಬೇಕು, ಜಾಕೆಟ್ಟಿನ ಒಳಗಿನ ಸಂಗತಿ ಮೈಯವರಿಗೇ ತಾನೇ ಗೊತ್ತು ಅಂತಿದ್ದೆ. ಎಷ್ಟು ಚೆನ್ನಾದ ಮಾತು! ಅದನ್ನು ನಂಬಿಕೊಂಡು ನಾನು ಕಲಿಸಿದೆ, ಬರೆದೆ, ಅದರಲ್ಲೇ ನಾವಿಬ್ಬರೂ ಊಟ ಮಾಡಿದೆವು. ಆ ಜರ್ಮನ್ ಗುರುಗಳ ಹಳೇ ಪುಸ್ತಕಗಳಲ್ಲಿ ಇರುವುದು ಒಂದು ಚಿತ್ರ, ಕೆಳಗೆ ಎರಡು ಸಾಲು. ಮಿಕ್ಕಿದ್ದನ್ನು ಇಬ್ಬರು ಎದುರುಬದುರು ನಿಂತೇ ಕಂಡುಕೊಳ್ಳಬೇಕು. ನಾನು ಮಾಡುತ್ತಿದ್ದೆ, ನೀನು ತಾಗಿತು ಅನ್ನುತ್ತಿದ್ದೆ, ನಾನು ‘ಪರೀಕ್ಷಿಸಿ ನೋಡಿದ್ದು’ ಅಂತ ಬರೆಯುತ್ತಿದ್ದೆ.

ಆಮೇಲೆ ನಮ್ಮ ದೀಪಿಕ ಪುಣೆಯ ಪಂದ್ಯಕ್ಕೆ ಹೋದಳು. ಎದುರಿನವಳು ಹೆಗಲ ಮೇಲಿಂದ ಓರೆಯಾಗಿ ಬೀಸಿದಾಗ ನಮ್ಮ ಹುಡುಗಿ ಹಿಂದೆ ಸರಿಯಲಿಲ್ಲ. ನಾನು ಹೇಳಿಕೊಟ್ಟ ಹಾಗೇ ತಾನೂ ಅದೇ ‘ಸಿಟ್ಟಿನ ಏಟು’ ಹಾಕಿ, ಅವಳ ಕತ್ತಿಯನ್ನು ತಡೆದು, ಅಲ್ಲಿಂದಲೇ ಮೊನೆಯನ್ನು ಎದೆಗೆ ಚಾಚಿದಳು. ಮೊನೆ ಗಾಳಿಗೆ ಹೋಯಿತು. ಮಾಸ್ಕಿನ ಮೇಲೆ ಬಿದ್ದ ಏಟಿಗೆ ಎರಡು ದಿನ ಕಿವಿ ಗುಂಯ್ ಅಂತಿತ್ತಂತೆ. ವಾಪಸು ಬಂದು ನನ್ನ ಮುಖ ನೋಡದೆ, “ಮಂಜಕ್ಕ, ನೀವ್ ಹೇಳ್ಕೊಟ್ಟಂಗೇ ಮಾಡ್ದೆ. ತಾಗ್ನೇ ಇಲ್ಲ” ಅಂದಳು. ಆ ಮಗು ತನ್ನದೇ ತಪ್ಪು ಅಂದುಕೊಂಡಿತ್ತು.

ನಮ್ಮ ಹಳೇ ವಿಡಿಯೋಗಳನ್ನೆಲ್ಲ ನಿಧಾನ ಮಾಡಿ ನೋಡಿದ್ದು ಆಗ. ನನ್ನ ಬಲಗಾಲು ಒಂದು ಗೇಣು ಹಿಂದೆಯೇ ಉಳಿದಿದೆ, ಮೊನೆ ನಿನ್ನ ಹೆಗಲ ಪಕ್ಕದಲ್ಲಿ ಸುಮ್ಮನೆ ಹೋಗುತ್ತಿದೆ, ನೀನು ತಾಗಿತು ಅನ್ನುತ್ತಿದ್ದೀಯ. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ. ಯಾಕೆ ಅಂತ ಕೇಳಿದ್ದಕ್ಕೆ ನೀನು ಹೇಳಿದ್ದು ಒಂದೇ ಮಾತು:

“ಗೆದ್ದಾಗ ನೀನು ಮಾಸ್ಕ್ ತೆಗೀತಿದ್ದೆ ಕಣಮ್ಮಿ. ಆ ಮೊಕ ನೋಡ್ಬೇಕಿತ್ತು.”

ಬೇರೆ ಹೆಂಗಸಾಗಿದ್ದರೆ ಕರಗಿ ನೀರಾಗುತ್ತಿದ್ದಳೇನೋ. ನಾನು ನಿನ್ನ ಬಟ್ಟೆ ಎತ್ತಿ ಹೊರಗಿಟ್ಟೆ. ಅದಕ್ಕೆ ನನಗೆ ಈಗಲೂ ನಾಚಿಕೆಯಿಲ್ಲ. ಬರೆದದ್ದನ್ನೆಲ್ಲ ಹಿಂದಕ್ಕೆ ತಗೊಂಡವಳು ನಾನು. ನನ್ನ ಲೇಖನ ಹಾಕಿದ್ದ ಪೋಲೆಂಡಿನ ಪತ್ರಿಕೆಗೆ, ನಾನು ಬರೆದದ್ದು ತಪ್ಪು, ದಯವಿಟ್ಟು ಯಾರೂ ಇದನ್ನು ನಂಬಿ ಅಂಕಣಕ್ಕೆ ಇಳಿಯಬೇಡಿ ಅಂತ ಬರೆದು ಕಳಿಸಿದೆ. ನನಗೆ ಬರುವುದು ಇದೊಂದೇ ವಿದ್ಯೆ ಯತೀಶ, ಇದರಲ್ಲಿ ನನಗೆ ಸುಳ್ಳು ಹೇಳಬಾರದಿತ್ತು.

ಹೋದ ವಾರ ಮಧ್ಯಾಹ್ನ ಊಟ ಮಾಡಿ ಮ್ಯಾಟಿನ ಮೇಲೆ ಹಾಗೇ ಒರಗಿದ್ದೆ, ಕನಸು ಬಿತ್ತು. ಶಿಂಷೆಯ ಮರಳಿನ ಮೇಲೆ ನಾವಿಬ್ಬರೂ ಆಡುತ್ತಿದ್ದೇವೆ. ಮಾಸ್ಕಿಲ್ಲ, ಸದ್ದಿಲ್ಲ. ಕಬ್ಬಿನ ಹೂವು ಉದುರಿ ಉದುರಿ ನಮ್ಮ ನಡುವೆ ತೇಲುತ್ತಿದೆ, ಕೆಳಕ್ಕೆ ಮಾತ್ರ ಬೀಳುತ್ತಿಲ್ಲ. ನನ್ನ ಕತ್ತಿ ಬರುತ್ತಲೇ ಇದೆ, ಬರುತ್ತಲೇ ಇದೆ, ನಿನ್ನನ್ನು ಮುಟ್ಟುವುದಿಲ್ಲ. ನೀನು ತಾಗಿತು ಅನ್ನದೆ ಕಾಯುತ್ತಿದ್ದೀಯ. ಎದ್ದಾಗ ಸಂಜೆಯ ಬಿಸಿಲು ಹೆಂಚಿನ ಸಂದಿಯಿಂದ ಕತ್ತಿಗಳ ಮೇಲೆ ಬಿದ್ದಿತ್ತು, ಕ್ಲಾಸಿನ ಮಕ್ಕಳು ಬಾಗಿಲು ತಟ್ಟುತ್ತಿದ್ದರು.

ಆಮೇಲೆ ಆ ವಿಡಿಯೋಗಳನ್ನು ಇನ್ನೊಂದು ಸಲ ಹಾಕಿದೆ. ಈ ಸಲ ನನ್ನ ಕಾಲು ನೋಡಲಿಲ್ಲ, ನಿನ್ನನ್ನು ನೋಡಿದೆ. ನನ್ನ ಮೊನೆ ಇನ್ನೂ ದಾರಿಯಲ್ಲಿರುವಾಗಲೇ ನಿನ್ನ ಕತ್ತಿ ಇಳಿಯಲು ಶುರುವಾಗಿರುತ್ತದೆ. ನೀರಿನೊಳಗೆ ಕೈ ಆಡಿಸಿದಷ್ಟು ಮೆಲ್ಲಗೆ. ನಾನು ಸರಿಯಾಗಿ ಹೊಡೆದಿದ್ದರೆ ಏನಾಗುತ್ತಿತ್ತೋ ಪೆದ್ದ! ಅಂಥವನನ್ನು ಹೊರಗೆ ಕಳಿಸಿದೆನಲ್ಲ ಅಂತ ಅಳು ಬಂತು. ಅತ್ತೆ. ಸಿಟ್ಟೂ ಇತ್ತು, ಅದು ಬೇರೆ.

ಭಾನುವಾರ ಬೇಡ, ಬೆಂಗಳೂರಿನವರು ರೈಲಿಳಿದು ಬಂದು ತುಂಬಿಕೊಂಡಿರುತ್ತಾರೆ. ಬುಧವಾರ ಬಾ. ಮಳವಳ್ಳಿಯಿಂದ ಬೆಳಗಿನ ಬಸ್ಸು ಹಿಡಿದರೆ ಮಂಜು ಇರುವಾಗಲೇ ತಲುಪುತ್ತೀಯ. ನನ್ನದು ಒಂದೇ ಕರಾರು. ತಾಗಿದರೆ ತಾಗಿತು ಅನ್ನು. ತಾಗದಿದ್ದರೆ ಸುಮ್ಮನೆ ನಿಲ್ಲಬೇಡ, ನನ್ನ ಮಾಸ್ಕಿನ ಮೇಲೆ ಬಾರಿಸು. ನೋವಾಗಲಿ, ತಡಕೊಳ್ಳುತ್ತೇನೆ. ನೀನು ಬಿಟ್ಟುಕೊಟ್ಟದ್ದು ಇನ್ನೊಂದು ಸಲ ಗೊತ್ತಾದರೆ ಮಾತ್ರ ತಡಕೊಳ್ಳುವ ಶಕ್ತಿ ನನಗಿಲ್ಲ.

ಅಧ್ಯಾಯ ಕಾಯುತ್ತಿದೆ.

ನಿನ್ನ ಎದುರಾಳಿ,
ಮಂಜುಶ್ರೀ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಆ ಅಧ್ಯಾಯವನ್ನು ಹೋದ ತಿಂಗಳೇ ದೀಪಿಕಳ ಎದುರು ನಿಂತು ಮಾಡಿ ಮುಗಿಸಿದೆ. ಬಲಗಾಲು ಒಂದು ಗೇಣು ಮುಂದಿಟ್ಟರೆ ಸಾಕು, ಸರಿಯಾಗಿ ತಾಗುತ್ತದೆ. ಪುಸ್ತಕ ಅಚ್ಚಿಗೆ ಹೋಗಿ ವಾರವಾಯಿತು. ಮೇಲೆ ಪುಸ್ತಕಕ್ಕೆ ಬಾ ಅಂತ ಬರೆದದ್ದು ಸುಳ್ಳು. ಆದರೂ ಬಾ.