ಒಂದೇ ಸೆಕೆಂಡಿನಲ್ಲಿ ನೆಲ ಮುಟ್ಟಿದ ಕಲ್ಲು

ಪರೀಕ್ಷಾ ನಿಯಂತ್ರಕ ಮಹಾಶಯರೇ,

ತಪ್ಪು ನಿಮ್ಮದು, ಫೇಲಾದವಳು ನನ್ನ ಮಗಳು. ಭೌತಶಾಸ್ತ್ರದಲ್ಲಿ ಪಾಸಾಗಲು ಮೂವತ್ತೈದು ಬೇಕು, ಅವಳಿಗೆ ಬಂದದ್ದು ಮೂವತ್ತೆರಡು. ಸರಿಯಾಗಿ ಮಾಡಿದ ಒಂದು ಲೆಕ್ಕಕ್ಕೆ ನೀವು ಕೊಡದೆ ಇಟ್ಟುಕೊಂಡದ್ದು ನಾಲ್ಕು.

ಪ್ರಶ್ನೆ ನಿಮ್ಮದೇ. ಹದಿನೈದು ಮೀಟರ್ ಎತ್ತರದ ಕಟ್ಟಡದ ತುದಿಯಿಂದ ಕಲ್ಲೊಂದನ್ನು ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ, ಮೂವತ್ತು ಡಿಗ್ರಿ ಮೇಲ್ಮುಖವಾಗಿ ಎಸೆದರೆ ನೆಲ ತಲುಪಲು ಎಷ್ಟು ಸಮಯ? ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮಗಳು ನನಗೆ ತಿಳಿಸಿದಳು. "ಇಪ್ಪತ್ತರಲ್ಲಿ ಮೇಲಕ್ಕೆ ಹೋಗೋ ಪಾಲು ಹತ್ತು, ಅದು ಪ್ಲಸ್. ಗುರುತ್ವ ಕೆಳಗೆ ಎಳೆಯುತ್ತೆ, ಮೈನಸ್. ನೆಲ ಕೆಳಗಿದೆ, ಅದೂ ಮೈನಸ್. ಒಂದು ಸಲ ಹಿಡಿದ ದಿಕ್ಕು ಬಿಡಬಾರದು, ಅಪ್ಪ." ಕಲ್ಲು ಒಂದು ಸೆಕೆಂಡಿನಲ್ಲಿ ಐದು ಮೀಟರ್ ಏರುತ್ತದೆ, ಮತ್ತೆರಡು ಸೆಕೆಂಡಿನಲ್ಲಿ ಇಪ್ಪತ್ತು ಮೀಟರ್ ಇಳಿಯುತ್ತದೆ. ಉತ್ತರ ಮೂರು.

ನಿಮ್ಮ ಕೀ ಉತ್ತರದಲ್ಲಿರುವುದು ಒಂದು. ತಯಾರಿಸಿದ ಪುಣ್ಯಾತ್ಮರು ಎಲ್ಲಕ್ಕೂ ಪ್ಲಸ್ ಹಾಕಿದ್ದಾರೆ. ಪ್ರಶ್ನೆಯಲ್ಲಿ ಮೇಲಕ್ಕೆ ಎಸೆದ ಕಲ್ಲನ್ನು ಉತ್ತರದಲ್ಲಿ ಕೆಳಕ್ಕೆ ಎಸೆದಿದ್ದಾರೆ. ನಿಮ್ಮ ಲೆಕ್ಕದಲ್ಲಿ ಕಲ್ಲು ನೆಲ ಮುಟ್ಟುವ ಆ ಗಳಿಗೆಯಲ್ಲಿ, ಸ್ವಾಮಿ, ಅದು ಆಕಾಶದಲ್ಲಿ ತನ್ನ ತುತ್ತತುದಿಯಲ್ಲಿರುತ್ತದೆ.

ನಾನು ಓದಿದ್ದು ಏಳನೇ ತರಗತಿ. ಹಳೆಯ ಕಟ್ಟಡ ಕೆಡವುವುದು ನನ್ನ ಕಸುಬು. ಮೇಲಿನವರು ಕೂಗಿ ಇಟ್ಟಿಗೆ ಬಿಡುತ್ತಾರೆ, ಕೆಳಗೆ ಹಗ್ಗ ಕಟ್ಟಿ ಜನರನ್ನು ತಡೆದು ನಾನು ಎಣಿಸುತ್ತೇನೆ. ಐದನೇ ಅಂತಸ್ತಿನಿಂದ ಸುಮ್ಮನೆ ಕೈಬಿಟ್ಟ ಇಟ್ಟಿಗೆಯೂ ಒಂದು ಎನ್ನುವಷ್ಟರಲ್ಲಿ ಬೀಳುವುದಿಲ್ಲ. ಮೇಲಕ್ಕೆಸೆದದ್ದು ಅದಕ್ಕಿಂತ ಮೊದಲೇ ಬರಲು ಅದಕ್ಕೇನು ನಿಮ್ಮ ಕಚೇರಿಯಿಂದ ಆದೇಶ ಹೋಗಿದೆಯೇ?

ಇದನ್ನೇ ನಿಮ್ಮ ನಾಲ್ಕನೇ ಕಿಟಕಿಯಲ್ಲಿ ಹೇಳಿದೆ. ಗುಮಾಸ್ತರು ತಲೆ ಎತ್ತಲಿಲ್ಲ. "ನೋಡಿ ಯಜಮಾನ್ರೇ, ಕೀನಲ್ಲಿ ಒಂದು ಅಂತಿದೆ. ನಿಮ್ಮ ಹುಡುಗಿ ಮೂರು ಅಂತ ಬರೆದಿದ್ದಾಳೆ. ಮರುಮೌಲ್ಯಮಾಪನದಲ್ಲೂ ಕೀನೇ ನೋಡೋದು."

"ಕೀನೇ ತಪ್ಪಿದ್ರೆ?"

"ಅದಕ್ಕೆ ಅರ್ಜಿ ನಮೂನೆ ಇಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡಿದ್ದೇನೆ. ನಿಮ್ಮ ಕಚೇರಿಯ ಮೊಲಕ್ಕೆ ಒಂದೇ ಕಾಲು.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಆದರೆ ಮೊನ್ನೆ ಸಂಜೆ ಮಗಳು ಅದೇ ಲೆಕ್ಕವನ್ನು ಮತ್ತೆ ಮಾಡುತ್ತಾ ಕೂತಿದ್ದಳು. ಎಲ್ಲಕ್ಕೂ ಪ್ಲಸ್ ಹಾಕಿದ್ದಳು. ಇದೇನಮ್ಮಾ ಎಂದರೆ, "ಮರುಪರೀಕ್ಷೆಲಿ ಇದೇ ಬಂದ್ರೆ ಒಂದು ಅಂತಲೇ ಬರೀತೀನಿ ಅಪ್ಪ. ಪಾಸಾದ್ರೆ ಸಾಕು" ಎಂದಳು. ಕಟ್ಟಡ ಕಟ್ಟುವುದನ್ನು ಕಲಿಯಬೇಕೆಂದು ಹೊರಟ ಹುಡುಗಿ ಅವಳು. ನಾಳೆ ಅವಳ ಲೆಕ್ಕ ಹೇಳಿದಲ್ಲಿ ಹಗ್ಗ ಕಟ್ಟುತ್ತೇವೆ, ಅದರಾಚೆ ಜನ ನಿಲ್ಲುತ್ತಾರೆ.

ಮರುಪರೀಕ್ಷೆಗೆ ಹನ್ನೊಂದು ದಿನ ಇದೆ. ಅಷ್ಟರೊಳಗೆ ಕೀ ತಿದ್ದಿ, ಅವಳ ನಾಲ್ಕು ಅಂಕ ಕೊಡಿ, ಅವಳು ಮೊದಲು ಬರೆದದ್ದೇ ಸರಿ ಎಂದು ಅವಳ ಹೆಸರಿಗೇ ಕಾಗದ ಬರೆಯಿರಿ. ಆಗುವುದಿಲ್ಲವೆಂದರೆ ನಮ್ಮ ಕೆಲಸದ ಜಾಗಕ್ಕೆ ಬನ್ನಿ. ಕಟ್ಟಡ ಸರಿಯಾಗಿ ಹದಿನೈದು ಮೀಟರ್ ಇದೆ. ಮೇಲಿನವರು ನಿಮ್ಮ ಪ್ರಶ್ನೆಯಂತೆಯೇ ಕಲ್ಲು ಎಸೆಯುತ್ತಾರೆ. ಮಗಳ ಮೂರು ಸೆಕೆಂಡಿನಲ್ಲಿ ಅದು ಬಂದು ಬೀಳುವ, ಗೋಡೆಯಿಂದ ಐವತ್ತೆರಡನೇ ಮೀಟರಿನಲ್ಲಿ ಸುಣ್ಣದ ಗೆರೆ ಎಳೆದಿಡುತ್ತೇನೆ, ಅಲ್ಲಿ ನಿಲ್ಲಿ. ನಿಮ್ಮ ಕೀ ಪ್ರಕಾರ ಕಲ್ಲು ಹದಿನೇಳರಲ್ಲೇ ಬಿದ್ದಿರುತ್ತದೆ, ಭಯವೇಕೆ? ನಾನು ಒಂದು ಎಂದಾಗ ನಿಮ್ಮ ಪರೀಕ್ಷೆ ಮುಗಿಯುತ್ತದೆ. ಎರಡು ಎನ್ನುವಾಗ ಮಾತ್ರ ದಯವಿಟ್ಟು ಒಮ್ಮೆ ಮೇಲೆ ನೋಡಿ.

ಇಂತಿ,
ಮೂರರವರೆಗೆ ಎಣಿಸಲು ಬರುವ,
ಅದನ್ನೇ ಮಗಳಿಗೂ ಕಲಿಸಿ ಕೆಟ್ಟ ಒಬ್ಬ ಅಪ್ಪ