ಚೊಲೊ ಕಾಲಿನ ಎಲುಬು

ಮುಂಡರಗಿ
೧೩ ಏಪ್ರಿಲ್ ೨೦೨೫

ಪ್ರೀತಿಯ ಸುನಿತಾ,

ಸಲಾಂ. ಲಕ್ಷ್ಮೇಶ್ವರದಲ್ಲಿ ನೀನು, ನಿನ್ನ ಯಜಮಾನರು, ಮಗ ಸಿದ್ದಲಿಂಗೇಶ ಎಲ್ಲರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಸಂಕ್ರಾಂತಿಗೆ ನೀನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ ಕುಸುರೆಳ್ಳು ಮುಟ್ಟಿತು. ಹಾಸಿಗೆಯಲ್ಲಿ ಮಲಗಿಕೊಂಡೇ ಡಬ್ಬಿ ಖಾಲಿ ಮಾಡಿದೆ, ಉತ್ತರ ಮಾತ್ರ ಬರೆಯಲಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ "ಆರಾಮ ಅದೀನಿ" ಎಂದು ಇಟ್ಟುಬಿಟ್ಟೆ. ಸಿಟ್ಟಾಗಬೇಡ. ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಅಡುಗೆಮನೆಯಿಂದ ಮುಂದಿನ ಅಂಗಡಿಯವರೆಗೆ ಎಲ್ಲರಿಗೂ ಕೇಳುತ್ತದೆ. ನನಗೆ ನಿನ್ನೊಬ್ಬಳಿಗೇ ಹೇಳಬೇಕಾಗಿತ್ತು.

ದೀಪಾವಳಿ ಮುಗಿದ ಮೇಲೆ ಗದಗಿನಲ್ಲಿ ಕಾಲಿನ ಆಪರೇಷನ್ ಮಾಡಿಸಿಕೊಂಡೆ. ಗಾಬರಿಯಾಗಬೇಡ, ಈಗ ನಡೆಯುತ್ತಿದ್ದೇನೆ.

ನನ್ನ ಎಡಗಾಲು ಗಿಡ್ಡ ಎಂದು ಶಿರಹಟ್ಟಿಯ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುತ್ತಿದ್ದವಳು ನೀನೊಬ್ಬಳೇ. ಖೊಖೊ ಆಡುವಾಗ, "ಲೇ ನಸ್ರೀನ, ಎಡಕ್ಕ ಹೊಳ್ಳಬ್ಯಾಡ, ಬೀಳತಿ" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಿದ್ದೆ. ಚಿಕ್ಕವಳಿದ್ದಾಗ ಮಾಗಡಿಯಲ್ಲಿ ಅಜ್ಜನ ಮನೆಯ ಮಾಳಿಗೆಯಿಂದ ಬಿದ್ದು ತೊಡೆಯ ಎಲುಬು ಮುರಿದಿತ್ತು. ಮುರಿದ ತುದಿಗಳು ಒಂದರ ಮೇಲೊಂದು ಸರಿದು ಹಾಗೆಯೇ ಕೂಡಿಬಿಟ್ಟವು. ಎರಡು ಕಾಲಿಗೂ ಒಂದೂಕಾಲು ಇಂಚು ಅಂತರ. ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಮರೆಯುವಷ್ಟು ಸಣ್ಣದೂ ಅಲ್ಲ.

ಬಳೆಯ ಗಂಟು ಹೊತ್ತು ಡೋಣಿ, ಹಮ್ಮಿಗಿ ಎಂದು ಊರೂರು ತಿರುಗುವ ನನ್ನ ಕೆಲಸ ನಿನಗೆ ಗೊತ್ತೇ ಇದೆ. ಎರಡು ವರ್ಷದ ಹಿಂದೆ ಸೊಂಟ ಹಿಡಿದುಕೊಳ್ಳತೊಡಗಿತು. ಎಡ ಚಪ್ಪಲಿಗೆ ಎತ್ತರದ ಅಟ್ಟೆ ಹಾಕಿಸಿಕೊಂಡೆ. ರಸ್ತೆಯಲ್ಲಿ ಅದು ಬಹಳ ಆರಾಮು. ಆದರೆ ಬಳೆ ಇಡಿಸುವವಳು ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಹೊಸ್ತಿಲಾಚೆ ಬಿಡಬೇಕಲ್ಲ! ನನ್ನ ಮನೆಯಲ್ಲೂ ಅಷ್ಟೇ. ಒಲೆಯ ಮುಂದೆ, ನಮಾಜಿಗೆ ನಿಂತಾಗ, ಎಲ್ಲ ಕಡೆ ಬರಿಗಾಲು. ಹೀಗಾಗಿ ಆ ಅಟ್ಟೆ ದಿನದ ಹೆಚ್ಚು ಹೊತ್ತು ಬಾಗಿಲಾಚೆಯೇ ಕೂತಿರುತ್ತಿತ್ತು.

ಹಮ್ಮಿಗಿಯ ಅಂದಾನಪ್ಪನವರ ಮನೆಯ ಮದುವೆಯಲ್ಲಿ ಬಂದ ಹೆಣ್ಣುಮಕ್ಕಳಿಗೆಲ್ಲ ಬಳೆ ಇಡಿಸಿ ಮುಗಿಸಿದೆ, ಆಮೇಲೆ ಏಳಲು ಆಗಲೇ ಇಲ್ಲ. ಅವರ ಮನೆಯ ಹಿರಿಯಳು ಗದಿಗೆವ್ವ ರಟ್ಟೆ ಹಿಡಿದು ಎಬ್ಬಿಸಿದಳು. "ಏ ನಸ್ರೀನ, ಇದ ಹಿಂಗ ಬಿಟ್ರ ನೀ ಹಾಸಿಗಿ ಹಿಡೀತಿ ನೋಡು. ನಾಳೆನ ಗದಗಿಗೆ ಹೋಗಬೇ, ನನ್ನ ಆಣಿ ಐತಿ" ಎಂದಳು.

ಹೋದೆ. ಡಾಕ್ಟರಬಾಯಿ ನನ್ನ ಎಡಗಾಲಿನ ಕೆಳಗೆ ತೆಳ್ಳನೆಯ ಹಲಗೆಗಳನ್ನು ಒಂದೊಂದಾಗಿ ಇಡುತ್ತಾ ಹೋದರು. ಕೊನೆಗೊಂದು ಹಲಗೆ ಇಟ್ಟಾಗ ಸೊಂಟ ಸಮವಾಯಿತು. ಸುನಿತಾ, ಆ ಗಳಿಗೆಯನ್ನು ಹೇಗೆ ಹೇಳಲಿ? ಭುಜದ ಮೇಲೆ ಯಾರೋ ಕೂತಿದ್ದವರು ಇಳಿದು ಹೋದ ಹಾಗಾಯಿತು. ಕೆಳಗಿಳಿಯಲು ಮನಸ್ಸೇ ಬರಲಿಲ್ಲ.

"ಗಿಡ್ಡ ಕಾಲ ಉದ್ದ ಮಾಡಬೋದ್ರಿ," ಎಂದರು ಡಾಕ್ಟರಬಾಯಿ. "ಆದ್ರ ಕಾಲ ಸುತ್ತ ಸರಳಿನ ಚೌಕಟ್ಟ ಹಾಕಿ ತಿಂಗಳಗಟ್ಟಲೆ ಎಳೀಬೇಕು. ಇಲ್ಲಂದ್ರ ಬಲಗಾಲಿನ ತೊಡಿ ಎಲುಬಿನ್ಯಾಗ ಅಷ್ಟ ತುಣುಕು ತಗದು, ಒಳಗ ಸರಳ ಹಾಕಿ ಕೂಡಸೋದು. ನೀವು ಒಂದೀಟು ಗಿಡ್ಡ ಆಗ್ತೀರಿ. ತೊಡಿ ಬಹಳ ದಿನ ಸೋತಂಗ ಇರತೈತಿ. ಎಲುಬು ಕೂಡೂದು ತಡ ಆಗಬೋದು. ಅವಸರ ಮಾಡಬ್ಯಾಡ್ರಿ, ಮನಿಗೆ ಹೋಗಿ ವಿಚಾರ ಮಾಡ್ರಿ."

ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. ನಮ್ಮ ಅತ್ತೆ ಅಮೀನಬಿ ತಟ್ಟೆ ಸರಿಸಿ ಕೂತರು. "ಕುಂಟ ಕಾಲ ಬಿಟ್ಟು ಚೊಲೊ ಕಾಲಿಗೆ ಕತ್ತರಿ ಹಾಕತಾರಂತ! ಇದ್ದದ್ದೊಂದು ಕಾಲನೂ ಕಳಕೊಂಡು ಕುಂಡ್ರತಿಯೇನು?" ನಮ್ಮ ಯಜಮಾನರು ಖಲೀಲ ನಿನಗೆ ಗೊತ್ತಲ್ಲ, ದನಿ ಏರಿಸುವವರಲ್ಲ. "ಇಷ್ಟ ವರ್ಷ ನಡದೈತೆಲ್ಲ," ಎಂದರು. "ಮಗಳ ಮದುವಿ ವಿಚಾರ ಮಾಡೂ ವಯಸ್ಸಿನ್ಯಾಗ ನಿನಗ್ಯಾಕ ಇದು?"

"ಮದುವಿ ಆಕಿದರಿ, ಸೊಂಟ ನಂದು," ಎಂದೆ.

ನನ್ನ ಬಾಯಿಂದ ಇಂಥ ಮಾತು ಬಂದದ್ದು ನನಗೇ ಹೊಸದು. ಮಗಳು ಮಹೆಕ ಮಾತ್ರ ನಕ್ಕಳು. "ಅಮ್ಮೀ, ನೀ ಹೋಗು. ಅಡಿಗಿ ನಾ ನೋಡ್ಕೋತೀನಿ."

ತಿಂಗಳುಗಟ್ಟಲೆ ಯೋಚಿಸಿದೆ. ಹೆದರಿಕೆ ಹೋಗಲಿಲ್ಲ. ಹೆದರಿಕೆ ಹೋಗಲಿ ಎಂದು ಕಾದರೆ ಈ ಜನ್ಮದಲ್ಲಿ ಆಗುವ ಕೆಲಸವಲ್ಲ ಎಂದು ತಿಳಿದ ದಿನ ಡಾಕ್ಟರಿಗೆ ಹೂಂ ಅಂದೆ.

ಆಪರೇಷನ್ ಆದ ಮರುದಿನ ಪಶ್ಚಾತ್ತಾಪವಾಯಿತು. ಸುಳ್ಳು ಯಾಕೆ ಹೇಳಲಿ? ತೊಡೆಯೊಳಗೆ ಕೆಂಡ ಇಟ್ಟು ಹೊಲಿದ ಹಾಗಿತ್ತು. ನನ್ನ ಕೈಯಾರೆ ಚೊಲೊ ಕಾಲನ್ನು ಹಾಳು ಮಾಡಿಕೊಂಡೆ ಎಂದು ದಿಂಬಿಗೆ ಮುಖ ಒತ್ತಿ ಅತ್ತೆ. ಖಲೀಲ ಆಸ್ಪತ್ರೆ ಬಿಟ್ಟು ಕದಲಲಿಲ್ಲ, ಅದನ್ನು ಒಪ್ಪಲೇಬೇಕು. ಚಹಾ ಆರಿಸಿ ಕುಡಿಸಿದರು, ಬೆನ್ನ ಹಿಂದೆ ದಿಂಬು ಇಟ್ಟರು. "ನಾ ಹೇಳಿದ್ನೆಲ್ಲ" ಎಂದು ಒಮ್ಮೆಯೂ ಅನ್ನಲಿಲ್ಲ.

ಆಮೇಲೆ ವಾಕರ್ ಹಿಡಿಸಿ ನಿಲ್ಲಿಸಿದರು. ಬಲಗಾಲನ್ನು ನೆಲಕ್ಕೆ ಮುಟ್ಟಿಸುವುದಷ್ಟೇ, ಪೂರಾ ಭಾರ ಹಾಕುವಂತಿಲ್ಲ. ಹಾಗಾದರೆ ನನ್ನನ್ನು ಹೊತ್ತದ್ದು ಯಾವುದು ಹೇಳು? ಈ ಎಡಗಾಲೇ. ಮೂವತ್ತು ವರ್ಷ ಎಲ್ಲರೂ ಕುಂಟ ಎಂದೇ ಎಣಿಸಿದ, ನಾನೂ ಮನಸ್ಸಿನಲ್ಲಿ ಬೈದ ಕಾಲು. ಚಳಿಗಾಲ ಪೂರ್ತಿ ಅದು ಒಂಟಿಯಾಗಿ ನನ್ನನ್ನು ಬಚ್ಚಲಿಗೆ, ಬಾಗಿಲಿಗೆ, ಅಂಗಳಕ್ಕೆ ಒಯ್ದು ತಂದಿತು. ಒಂದು ಮಧ್ಯಾಹ್ನ ಕೊಬ್ಬರಿ ಎಣ್ಣೆ ತೆಗೆದುಕೊಂಡು ಮೊದಲು ಅದನ್ನೇ ತಿಕ್ಕಿದೆ. ನೋಡುತ್ತಿದ್ದ ಅತ್ತೆ ಹತ್ತಿರ ಬಂದು ಕೂತರು. "ತಾ ಇಲ್ಲಿ, ನಿನಗ ಬಗ್ಗಾಕ ಆಗೂದಿಲ್ಲ" ಎಂದು ನನ್ನ ಕೈಯಿಂದ ಬಟ್ಟಲು ಕಸಿದುಕೊಂಡರು.

ಎಲುಬು ಕೂಡಿತು. ಎಕ್ಸ್‌ರೇ ಫೋಟೋ ನೋಡಿ ಡಾಕ್ಟರಬಾಯಿ ಖುಷಿಪಟ್ಟರು. ವಾಕರ್ ಬಿಟ್ಟೆ, ಆದರೂ ಹಳೆಯ ಹಾಗೆಯೇ ಓಲಾಡುತ್ತಿದ್ದೆ! ವ್ಯಾಯಾಮ ಕಲಿಸುವ ರುಹಿ ಎಂಬ ಹುಡುಗಿ ನಗುತ್ತಾ, "ಎಲುಬು ಸರಿ ಆಗೇತ್ರಿ ಆಂಟಿ, ನಿಮ್ಮ ಮೈಗೆ ಇನ್ನೂ ಖಬರ ಮುಟ್ಟಿಲ್ಲ" ಎಂದಳು. ಅಂದಿನಿಂದ ಮಹೆಕಳ ಕಪಾಟಿನ ಕನ್ನಡಿಯೆದುರು ನಡೆಯುವುದೇ ಕೆಲಸ. ಬೆವರು ಸುರಿಯುವವರೆಗೆ, ತೊಡೆ ನಡುಗುವವರೆಗೆ. ಅತ್ತೆ ಬೈದರೂ ಬಿಡಲಿಲ್ಲ. ಒಂದು ದಿನ ಕನ್ನಡಿಯೊಳಗಿನ ಹೆಂಗಸು ನೆಟ್ಟಗೆ ಬಂದಳು. ಅವಳು ಯಾರೆಂದು ಗುರುತು ಹಿಡಿಯಲು ತುಸು ಹೊತ್ತು ಬೇಕಾಯಿತು.

ಹೋದ ವಾರ ಹಮ್ಮಿಗಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬಂದೆ. ಗಂಟು ಸಣ್ಣದು ಮಾಡಿಕೊಂಡಿದ್ದೆ. ಗದಿಗೆವ್ವನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಿಡ್ಡ ಆಗಿಯಲ್ಲಬೇ!" ಎಂದು ನಕ್ಕು, ಕಣ್ಣೊರೆಸಿಕೊಂಡು, ಮೊದಲು ತನ್ನ ಕೈಯನ್ನೇ ಚಾಚಿದಳು. ಹಸಿರು ಬಳೆ ಇಡಿಸಿದೆ. ಸಂಜೆಗೆ ತೊಡೆ ಸೋತಿತು, ಸೊಂಟ ನೋಯಲಿಲ್ಲ. ಇನ್ನು ಮೇಲೆ ವಾರಕ್ಕೊಂದು ಊರು ಎಂದು ಗೊತ್ತುಮಾಡಿಕೊಂಡಿದ್ದೇನೆ. ಮಳೆಗಾಲದೊಳಗೆ ಡೋಣಿಯ ಹಾದಿಯನ್ನೂ ಹಿಡಿಯುತ್ತೇನೆ, ಯಾರು ಬೇಡವೆಂದರೂ.

ನಿನ್ನ ಮಗನಿಗೆ ಈ ಸಲ ಪರೀಕ್ಷೆ ಚೆನ್ನಾಗಿ ಆಯಿತೇ? ಅವನ ಬುದ್ಧಿ ಬೆಳಗಲಿ, ನಿನ್ನ ಮನೆ ತುಂಬಿರಲಿ, ನಿನ್ನ ಕೈ ಎಂದೂ ಬರಿದಾಗದಿರಲಿ ಎಂದು ದುವಾ ಮಾಡುತ್ತೇನೆ. ರಜೆಯಲ್ಲಿ ಬಾ. ನಿನ್ನ ಕೈಗೆ ಬಳೆ ಇಡಿಸದೆ ವರ್ಷದ ಮೇಲಾಯಿತು.

ನಿನ್ನ ಗೆಳತಿ,
ನಸ್ರೀನ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಡಾಕ್ಟರಿಗೆ ಸೊಂಟನೋವು ಎಂದು ಹೇಳಿದ್ದೆ. ಅದು ಖರೆ, ಆದರೆ ಪೂರ್ತಿ ಖರೆಯಲ್ಲ. ಮದುವೆಯಾಗಿ ಮೊದಲ ಸಲ ಪೇಟೆಗೆ ಹೋದ ದಿನದಿಂದ ಖಲೀಲ ನನ್ನ ಮುಂದೆಯೇ ನಡೆದಿದ್ದಾರೆ. ಎರಡು ಅಂಗಡಿಯಷ್ಟು ಮುಂದೆ. ಗೊತ್ತಿಲ್ಲದವರಿಗೆ ನಾವು ಗಂಡ ಹೆಂಡತಿ ಎಂದು ತಿಳಿಯುವುದಿಲ್ಲ. ಅವರು ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಲಿನ ನಾಚಿಕೆ ಎಂದು ನಾನೇ ತಿಳಿದುಕೊಂಡೆ. ಕಾಲು ಸರಿಯಾದರೆ ಪಕ್ಕದಲ್ಲಿ ನಡೆದಾರು ಎಂಬ ಆಸೆಯೂ ಇತ್ತು.

ಮೊನ್ನೆ ಶುಕ್ರವಾರ ಕಾಲು ತೋರಿಸಲು ಇಬ್ಬರೂ ಗದಗಿಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನಿಂದ ನಡೆದೆವು. ನಾನು ನೆಟ್ಟಗೆ ನಡೆಯುತ್ತಿದ್ದೆ, ಅವರು ಮುಂದೆ ಹೋದರು. ಬೀಸುಗಾಲು ಹಾಕಿ ಪಕ್ಕಕ್ಕೆ ಬಂದೆ. ಅವರು ನನ್ನತ್ತ ನೋಡದೆಯೇ ಹೆಜ್ಜೆ ಜೋರು ಮಾಡಿದರು. ಸುನಿತಾ, ಅದು ಕಾಲಿನ ಮಾತೇ ಆಗಿರಲಿಲ್ಲ. ಎಲುಬು ಕೊಯ್ದಾಗ ಇಷ್ಟು ನೋಯಲಿಲ್ಲ.

ಬಜಾರಿನ ನಡುವೆ ನಿಂತುಬಿಟ್ಟೆ. ಎಷ್ಟೋ ಹೊತ್ತಿಗೆ ಅವರು ತಿರುಗಿ ನೋಡಿದರು. "ಯಾಕ, ಕಾಲ ನೋಯಾಕತ್ತೈತೇನು?"

"ಇಲ್ರಿ, ಕಾಲ ಭೇಷ್ ಐತಿ."

"ಮತ್ಯಾಕ ನಿಂತಿ?"

"ನೀವು ಹೊಳ್ಳಿ ಬರ್ರಿ ಅಂತ."

ಅತ್ತಿತ್ತ ನೋಡಿದರು. ಬಂದರು. ಆಸ್ಪತ್ರೆಯ ಬಾಗಿಲವರೆಗೆ ಪಕ್ಕದಲ್ಲೇ ನಡೆದರು. ವಾಪಸ್ ಬರುವಾಗ ಮತ್ತೆ ಮುಂದೆ ಹೋದರು.

ನಾನು ಮತ್ತೆ ನಿಂತೆ.